ರೊಟ್ಟಿಯಲ್ಲಿ ಉಸುಕು

ಗಂಡ ತೀರಿಕೊಂಡ ವರ್ಷ ನಾನು ಬನಹಟ್ಟಿಯ ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರತೊಡಗಿದೆ. ಊರಿಗೆ ಊರೇ ಪಂಚಾಯಿತಿಗೆ ಕೂತಿತು.

"ಮನ್ಯಾಗ ಹೆಣ್ಣಮಕ್ಕಳಿದ್ದೂ ರೊಟ್ಟಿ ಕೊಂಡ ತಿನ್ನೂದಂದ್ರ ಏನ್ರಿ? ನಾಳೆ ನೀರೂ ಕೊಂಡ ಕುಡೀತೀರಿ!" ಎಂದು ನಮ್ಮೆದುರಿನ ಚಹಾದಂಗಡಿಯ ಬಾಕಿನ ಮೇಲೆ ಕೂತ ಮುದುಕರು ನಗುತ್ತಿದ್ದರು.

"ಹಗಲೆಲ್ಲಾ ಮಗ್ಗಕ್ಕ ನೂಲಿನ ಕಂಡಿಕೆ ಸುತ್ತೋ ಹೆಣ್ಣಮಕ್ಕಳಿಗೆ ನಾಕ ಕೈ ಅದಾವೇನ?" ಎಂದು ಅಂಗಡಿಯ ದಶರಥ ನನ್ನ ಪರ ನಿಲ್ಲುತ್ತಿದ್ದ. ಹಾಗೆ ನಕ್ಕವರ ಮನೆಗೇ ನನ್ನ ರೊಟ್ಟಿ ಹೋಗುತ್ತಿತ್ತು ಅನ್ನುವುದು ಬೇರೆ ಮಾತು. ಮಗ್ಗದ ಸದ್ದಿನಲ್ಲಿ ತಮ್ಮ ಮನೆಯ ರೊಟ್ಟಿ ಬಡಿಯುವ ಸದ್ದು ನಿಂತದ್ದು ಅವರಿಗೆ ಗೊತ್ತೇ ಆಗಿರಲಿಲ್ಲ, ಪಾಪ!

ಆರು ತಿಂಗಳು ಛಲೋ ನಡೆಯಿತು. ಆಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಬಿಡತೊಡಗಿದರು. ಶಂಕ್ರೆವ್ವನ ಮನೆಯವರಿಗೆ ಇದ್ದಕ್ಕಿದ್ದಂತೆ ಅನ್ನವೇ ಸೇರುತ್ತಿತ್ತಂತೆ. ಸಾವಕ್ಕನ ಸೊಸೆಗೆ ರೊಟ್ಟಿ ಬಡಿಯುವ ಹುರುಪು ಬಂದಿತ್ತಂತೆ. "ರೊಟ್ಟ್ಯಾಗ ಏನರ ಹೆಚ್ಚುಕಮ್ಮಿ ಆಗೇತೇನ? ಹೇಳ್ರವಾ," ಎಂದು ಕೇಳಿದರೆ, "ಅಯ್ಯ, ಬಂಗಾರದಂಥಾ ರೊಟ್ಟಿ ಬಿಡ ತಾರವ್ವಾ," ಎಂದು ಸೆರಗು ಸರಿಮಾಡಿಕೊಂಡು ಹೋಗಿಬಿಡುತ್ತಿದ್ದರು.

ತುಬಚಿಯಿಂದ ಅಣ್ಣ ಹೊಳೆಪ್ಪ ಹೇಳಿಕಳಿಸಿದ: ಸಾಕು ಮಾಡು, ನಮ್ಮ ಮನೆಗೇ ಬಂದುಬಿಡು. ಅಣ್ಣ ಒಳ್ಳೆಯವನೇ. ಆದರೆ ಅತ್ತಿಗೆಯ ಅಡುಗೆಮನೆಯಲ್ಲಿ ಚಿಟಿಕೆ ಉಪ್ಪಿಗೂ ಕೇಳಿಕೊಂಡು ಕೈ ಹಾಕಬೇಕು. ನನ್ನ ಒಲೆ ನನಗಿರಲಿ ಎಂಬುದೊಂದೇ ನನ್ನ ಆಸೆಯಾಗಿತ್ತು. ಅಮಾವಾಸ್ಯೆಯ ತನಕ ನೋಡುವುದು, ಗಿರಾಕಿ ತಿರುಗಿ ಬಾರದಿದ್ದರೆ ಹೊರಡುವುದು ಎಂದು ಮನಸ್ಸು ಕಲ್ಲು ಮಾಡಿಕೊಂಡು ಟ್ರಂಕು ಕೆಳಗಿಳಿಸಿದ್ದೆ.

ಆಗ ಬಂದರು ನೋಡಿ ಇಂದಿರಾಬಾಯಿ ಅಕ್ಕೋರು! ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವವರು. ಬಾಯಿ ತೆಗೆದರೆ ಓಣಿಯ ತುದಿಗೆ ಕೇಳಬೇಕು. ನಾನು ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದೆ. ನನ್ನಲ್ಲಿ ಕೊಂಡಿದ್ದ ನಾಲ್ಕು ರೊಟ್ಟಿ ತಂದು ಬುಟ್ಟಿಯ ಮೇಲೆ ಕುಕ್ಕಿದರು.

"ಏನ ತಾರವ್ವಾ, ರೊಟ್ಟಿ ಮಾರತೀಯೋ ಉಸುಕು ಮಾರತೀಯೋ? ಹಲ್ಲು ಉಳೀಬೇಕೋ ಬ್ಯಾಡೋ?"

ದಶರಥ ಅರಿವೆ ಹೆಗಲಿಗೆ ಹಾಕಿಕೊಂಡು ಓಡಿ ಬಂದ. "ಅಕ್ಕೋರ, ಗಂಡಿಲ್ಲದ ಹೆಣ್ಣಮಗಳು. ಸೇರದಿದ್ರ ಸುಮ್ಮನ ಬಿಟ್ಟಬಿಡ್ರಿ. ಮಂದ್ಯಾಗ ಮರ್ಯಾದಿ ಯಾಕ ಕಳೀತೀರಿ?"

"ನಾ ರೊಕ್ಕಾ ಕೊಟ್ಟೀನಪ್ಪಾ, ಭಿಕ್ಷಾ ಹಾಕಿಲ್ಲ. ಆಕಿ ವ್ಯಾಪಾರ ಮಾಡಾಕಿ. ನೀವೆಲ್ಲಾ ಸೇರಿ ಆಕಿನ್ನ ಭಿಕ್ಷಾ ಬೇಡಾಕಿ ಮಾಡೀರಿ!"

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ರೊಟ್ಟ್ಯಾಗ ಉಸುಕ? ಎಲ್ಲಿ ತೋರಸ್ರಿ!" ಎಂದು ದೊಡ್ಡ ತುಂಡು ಮುರಿದು ಬಾಯಿಗಿಟ್ಟುಕೊಂಡೆ. ಮಾರುವ ರೊಟ್ಟಿ ನಾನು ತಿನ್ನುತ್ತಿರಲಿಲ್ಲ, ನನ್ನ ಹೊಟ್ಟೆಗೆ ನುಚ್ಚು ಮಜ್ಜಿಗೆಯೇ ಸಾಕಾಗಿತ್ತು. ಎರಡು ಸಲ ಅಗಿದೆ. ಕರ್ ಎಂದಿತು. ನುಂಗಲೂ ಆಗಲಿಲ್ಲ, ಅಷ್ಟು ಜನರೆದುರು ಉಗುಳಲೂ ಆಗಲಿಲ್ಲ.

"ದಶರಥಾ, ನೀನೂ ದಿನಾ ತಿಂತಿದ್ದಿಯಲ್ಲೋ?" ಎಂದೆ.

ಅವನು ನೆಲ ನೋಡಿದ. "ಎಂಟ್ಹತ್ತ ದಿನಾ ಆತ ಅಕ್ಕಾ, ಹಲ್ಲಿಗೆ ಉಸುಕು ಸಿಗಾಕ ಹತ್ತಿ. ನಿನ್ನ ಮನಸಿಗೆ ಹತ್ತೀತು ಅಂತ ಹೇಳಲಿಲ್ಲ."

ಹಿಟ್ಟಿನ ಡಬ್ಬಿ ಎತ್ತಿಕೊಂಡು ನೆಟ್ಟಗೆ ಗಿರಣಿಗೆ ಹೋದೆ. ಗಿರಣಿಯ ರೇವಪ್ಪ ನನ್ನನ್ನು ಕಂಡರೆ ಕರಗುವ ಮನುಷ್ಯ. ಪಾಳಿ ಹಚ್ಚಲು ಬಿಡದೆ ದಿನಾಲೂ ಬೆಳಿಗ್ಗೆ ನನ್ನ ಜೋಳವನ್ನೇ ಮೊದಲು ಹಾಕುತ್ತಿದ್ದ. ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದವನೇ ತಲೆಗೆ ಕೈ ಹಚ್ಚಿಕೊಂಡ.

"ಹೊಸಾ ಕಲ್ಲ ಕೂಡಿಸೀನಿ ಅಕ್ಕಾ. ಬೆಳಿಗ್ಗೆ ಮೊದಲ ಒಂದೀಟ ಹೊಟ್ಟ ಬೀಸಿ ಚೆಲ್ಲಿದ್ರ ಕಲ್ಲಿನ ಪುಡಿ ಹೋಗತೈತಿ. ನೀ ಬಂದ ನಿಂತಿರತಿ, ತಡಾ ಆಗಬಾರದು ಅಂತ ಅದನ್ನ ಬಿಟ್ಟು ನಿನ್ನ ಜ್ವಾಳಾನ ಹಾಕತಿದ್ನಿ."

ಏನು ಹೇಳಲಿ ಈ ಮನುಷ್ಯನಿಗೆ! ಊರಿನ ಅಷ್ಟೂ ಕಲ್ಲಿನ ಪುಡಿಯನ್ನು ಪ್ರೀತಿಯಿಂದ ನನ್ನ ಡಬ್ಬಿಗೇ ತುಂಬಿದ್ದ. ಅವನೇ ಹೊಟ್ಟು ಹಾಕಿ ಕಲ್ಲು ಸ್ವಚ್ಛ ಮಾಡಿ, ತನ್ನ ಮನೆಯ ಜೋಳ ಬೀಸಿ ಕೊಟ್ಟ.

ಸಂಜೆ ಬಿಸಿ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಅಕ್ಕೋರ ಮನೆಗೆ ಹೋದೆ. ಅವರು ಬಾಗಿಲಲ್ಲೇ ಒಂದು ತುಂಡು ಮುರಿದು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು.

"ಉಸುಕಿಲ್ಲ," ಎಂದರು. "ಅಂಚು ದಪ್ಪ ಆಗ್ಯಾವ. ನಾಳೆ ಜಮಖಂಡಿಯಿಂದ ನಮ್ಮ ಬೀಗರು ಊಟಕ್ಕ ಬರತಾರ, ಇಪ್ಪತ್ತು ರೊಟ್ಟಿ ಬೇಕು. ಅಂಚು ತೆಳ್ಳಗಿರಲಿ. ಇಲ್ಲಂದ್ರ ಬೀಗರನ್ನ ಕರಕೊಂಡ ಬಂದು ಬೈತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಗಂಡ ಹೋದ ದಿನದಿಂದ ಎಲ್ಲರೂ ನನ್ನೊಡನೆ ಮೆತ್ತಗೆ ಮಾತಾಡಿದ್ದರು. ಆ ಮೆತ್ತನೆಯ ಮಾತಿನಲ್ಲೇ ನನ್ನ ಒಲೆ ಆರುತ್ತಿತ್ತು. ನನ್ನ ಕೆಲಸ ಕೆಟ್ಟಿದೆ, ಸರಿಮಾಡು, ನಿನ್ನಿಂದ ಆಗುತ್ತದೆ ಎಂದು ಜಗಳಕ್ಕೆ ಬಂದವರು ಇವರೊಬ್ಬರೇ. ಬಗ್ಗಿ ಕಾಲು ಮುಟ್ಟಿದೆ.

"ಏಳು, ಏಳು. ಅಳೂದೇನದ ಇದರಾಗ? ಮೊದಲ ರೊಕ್ಕಾ ತಗೋ."

ತೆಗೆದುಕೊಂಡೆ. ಬೇಡ ಎನ್ನಲಿಲ್ಲ.

"ಬರ್ರಿ ಅಕ್ಕೋರ, ಬೀಗರನ್ನೂ ಕರಕೊಂಡ ಬರ್ರಿ," ಎಂದೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನಾ ಎಲ್ಲೂ ಹೋಗಂಗಿಲ್ಲ. ಬೈಯ್ರಿ."