ಸತ್ತವರ ಚಳಿ

ಅತ್ತಿಗೆ ಯೊರ್ಲಾಡಿಸ್ ಹೆತ್ತದ್ದು ಅವಳಿ ಮಕ್ಕಳನ್ನು, ಅದೂ ಎರಡು ತಿಂಗಳು ಮೊದಲೇ. ಹೆಣ್ಣು ಮೂರನೇ ದಿನ ಹೋಯಿತು, ಅತ್ತಿಗೆಯ ಎದೆಯ ಮೇಲೇ. ನರ್ಸುಗಳು ಬಂದು ಬಿಡಿಸುವವರೆಗೂ ಅವಳು ಕೈ ಸಡಿಲಿಸಿರಲಿಲ್ಲ. ಗಂಡು ಎಲ್ಕಿನ್ ಉಳಿದ. ಒಂದೂವರೆ ಕಿಲೋ, ಕೋಳಿಮರಿಯಂಥ ಕಾಲು.

ಬೊಗೊಟಾದಲ್ಲಿ ಇಂಥ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಇಡುವುದಿಲ್ಲ. ಬರಿ ಮೈಗೆ ಬರಿ ಮೈ ತಾಗಿಸಿ, ಕಪ್ಪೆಯ ಹಾಗೆ ಎದೆಗೆ ಅಂಟಿಸಿ, ಮೇಲೆ ಹಿಗ್ಗುವ ಬಟ್ಟೆಯ ಪಟ್ಟಿ ಸುತ್ತಿ ಮನೆಗೆ ಕಳಿಸುತ್ತಾರೆ. ಹಗಲೂ ರಾತ್ರಿ ಹಾಗೇ ಇರಬೇಕು, ನಿದ್ದೆಯೂ ಒರಗಿಕೊಂಡೇ. ಕಾಂಗರೂ ಅನ್ನುತ್ತೇವೆ ಅದಕ್ಕೆ.

"ತಾಯಿ ಎದೆಯೇ ಬೇಕಂತಿಲ್ಲ, ಮನೆಯವರು ಯಾರಾದ್ರೂ ಆಗತ್ತೆ ಅಂದ್ರಲ್ಲ ನರ್ಸು," ಎಂದು ನಮ್ಮಮ್ಮ ಅತ್ತಿಗೆಯನ್ನು ಬಾಗಿಲಲ್ಲೇ ತಡೆದು ಶುರು ಮಾಡಿದಳು. "ಹೆಣ ಅಪ್ಪಿಕೊಂಡಿದ್ದ ಎದೆ ನಿಂದು. ಸತ್ತವರ ಚಳಿ ಕೂತಿರುತ್ತೆ. ಇದನ್ನೂ ಅಕ್ಕನ ಹಿಂದೆ ಕಳಿಸ್ತೀಯಾ?"

ಅಣ್ಣ ಲಾರಿ ತಗೊಂಡು ಬಂದರಿನ ಕಡೆ ಹೋಗಿದ್ದ. ಅತ್ತಿಗೆಯ ಪರ ಮಾತಾಡುವವರು ಇರಲಿಲ್ಲ. ಅವಳು ತನ್ನ ಅಂಗೈ ಮೂಸಿ ನೋಡಿಕೊಂಡಳು.

"ಎಷ್ಟು ದಿನ ಇರುತ್ತೆ ಅತ್ತೆ, ಚಳಿ?"

"ನಲವತ್ತು. ಬಾಣಂತನ ಮುಗೀಲಿ, ರೂದಾ ಸೊಪ್ಪು ಕುದಿಸಿದ ನೀರು ಮೈಗೆ ಹಾಕ್ತೀನಿ, ಚಳಿ ಬಿಡುತ್ತೆ. ಆಮೇಲೆ ಎತ್ಕೋ, ಯಾರು ಬೇಡ ಅಂದ್ರು?"

ಹಾಗೆ ಪಟ್ಟಿ ನನ್ನ ಎದೆಗೆ ಬಂತು. ಕಾಲೇಜಿಗೆ ರಜೆ. ಮೊದಲ ದಿನ ಹೆದರಿಕೆ, ಮೂರನೇ ದಿನಕ್ಕೆ ಹುಚ್ಚು. ಬಸ್ಸಿನಲ್ಲಿ ಮುದುಕರೂ ಎದ್ದು ಸೀಟು ಕೊಡುತ್ತಿದ್ದರು. "ಎಷ್ಟು ಚಿಕ್ಕ ವಯಸ್ಸಿನ ತಾಯಿ, ಪಾಪ!" ಎಂದರೆ ನಾನು ಅಲ್ಲ ಅನ್ನುತ್ತಿರಲಿಲ್ಲ.

ಅತ್ತಿಗೆ ಒಳಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿರುತ್ತಿದ್ದಳು. ದಿನಕ್ಕೊಂದು ಮೆಕ್ಕೆಜೋಳದ ಕಾಳು ಲೋಟಕ್ಕೆ ಹಾಕುತ್ತಿದ್ದಳು. ಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟರೆ ಅಮ್ಮ ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡುವಳು.

"ಹಾಲು ಕುಡೀಬಹುದು, ನಾನು ಎತ್ಕೋಬಾರದಾ ಅತ್ತೆ?"

"ಹಾಲು ಬಿಸಿ ಮಾಡಬಹುದು ಕಣೇ. ನಿನ್ನ ಎದೆಯನ್ನ ಯಾವ ಒಲೆ ಮೇಲಿಟ್ಟು ಕಾಯಿಸ್ಲಿ?"

ನಾನು ನಕ್ಕೆ. ನಗು ಬರುವಂಥ ಮಾತೇ ಆಗಿತ್ತು.

ಆಸ್ಪತ್ರೆಯಲ್ಲಿ ತೂಕ ನೋಡುವ ನರ್ಸ್ ಗ್ರಿಸೆಲ್ಡಾ ಪ್ರತಿ ಸಲ ಕೇಳುವಳು: "ಇವನ ತಾಯಿ ಎಲ್ಲಿ? ನಿದ್ದೆ ಮಾಡ್ತಾಳಾ? ಅಳ್ತಾಳಾ?"

"ರಾಣಿ ಹಾಗಿದ್ದಾಳೆ," ಎಂದು ಅಮ್ಮ ಉತ್ತರಿಸುವಳು. "ಕೂತಲ್ಲಿಗೇ ಕೋಳಿ ಸಾರು ಹೋಗುತ್ತೆ."

ಮೂವತ್ಮೂರನೇ ದಿನ ನಾನೊಬ್ಬಳೇ ಹೋಗಿದ್ದೆ. ಗ್ರಿಸೆಲ್ಡಾ ಎಲ್ಕಿನ್‌ನ ಕಾಲು ಹಿಡಿದು ನೋಡಿದಳು. "ಒದೆಯೋಕೆ ಶುರು ಮಾಡಿದಾನೆ. ಇನ್ನು ನಾಲ್ಕೈದು ದಿನ ಅಷ್ಟೇ, ಆಮೇಲೆ ಇವನೇ ಪಟ್ಟಿ ಒಲ್ಲೆ ಅಂತಾನೆ. ಒಂದ್ಸಲ ಬೇಡ ಅಂದ್ರೆ ಮುಗೀತು, ಮತ್ತೆ ಒಳಗೆ ನಿಲ್ಲಲ್ಲ. ನಿಮ್ಮ ಅತ್ತಿಗೆಗೆ ಹೇಳು, ಇವತ್ತೇ ಎತ್ಕೊಳ್ಳಲಿ."

ಮನೆಯಲ್ಲಿ ಅತ್ತಿಗೆ ಬಾಗಿಲಿಗೇ ಬಂದಳು. "ಏನಂದ್ರು?"

"ನಲವತ್ತು ಗ್ರಾಂ ಏರಿದಾನೆ."

"ಮತ್ತೆ?"

"ಮತ್ತೇನಿಲ್ಲ."

ಉಳಿದ ನಾಲ್ಕೈದು ದಿನ ನನಗೇ ಬೇಕಿತ್ತು. ಅಷ್ಟೇ ಕಾರಣ.

ನಲವತ್ತನೇ ದಿನ ಅಮ್ಮ ಸೊಪ್ಪಿನ ನೀರು ಹೊಯ್ದಳು. ಅತ್ತಿಗೆ ತಲೆ ಬಾಚಿಕೊಂಡು, ಅಂಗಿ ಬಿಚ್ಚಿ ಹಾಸಿಗೆಯ ಮೇಲೆ ಕೂತಳು. ಪಟ್ಟಿಯ ಗಂಟು ನನಗಿಂತ ಚೆನ್ನಾಗಿ ಹಾಕಿದಳು. ಆಸ್ಪತ್ರೆಯಲ್ಲಿ ಇಬ್ಬರನ್ನು ಇಟ್ಟುಕೊಂಡು ಕಲಿತದ್ದು.

ಎಲ್ಕಿನ್ ಬೆನ್ನು ಬಿಲ್ಲಿನಂತೆ ಬಾಗಿಸಿ ಒದ್ದ. ಕೆಂಪಗಾಗಿ ಕಿರುಚಿದ. ಅತ್ತಿಗೆ ಅಂಗೈ ಒಲೆಗೆ ಕಾಯಿಸಿ ಎದೆಗೆ ಉಜ್ಜಿಕೊಂಡು ಮತ್ತೆ ಕಟ್ಟಿದಳು. ಮತ್ತೆ ಒದ್ದ. ಮಧ್ಯಾಹ್ನದವರೆಗೂ ಇದೇ.

"ಮಕ್ಕಳಿಗೆ ಗೊತ್ತಾಗುತ್ತೆ," ಎಂದಳು ಅಮ್ಮ.

ಎರಡು ದಿನದಿಂದ ನನ್ನ ಪಟ್ಟಿಯಲ್ಲೂ ಅವನು ಹೀಗೇ ಒದೆಯುತ್ತಿದ್ದ. ಅದನ್ನೂ ನಾನು ಹೇಳಲಿಲ್ಲ.

ಮರುದಿನ ಅತ್ತಿಗೆಯೂ ನನ್ನ ಜೊತೆ ಬಂದಳು. ಆಸ್ಪತ್ರೆಯಲ್ಲಿ ಎಲ್ಲ ತಾಯಂದಿರೂ ಚಪ್ಪಾಳೆ ತಟ್ಟಿದರು. ಮಗು ಪಟ್ಟಿಯಿಂದ ಹೊರಗೆ ಬಂದರೆ ಅಲ್ಲಿ ಹಬ್ಬ. ಗ್ರಿಸೆಲ್ಡಾ ಮಾತ್ರ ನನ್ನ ಕಡೆ ನೋಡಿದಳು. "ವಾರದ ಹಿಂದೇನೇ ಹೇಳಿ ಕಳಿಸಿದ್ದೆನಲ್ಲ?"

ಅತ್ತಿಗೆ ನನ್ನ ಮುಖ ನೋಡಿದಳು. ಆಮೇಲೆ ನರ್ಸಿಗೆ ಹೇಳಿದಳು: "ಇವಳ ತಪ್ಪಿಲ್ಲ ಸಿಸ್ಟರ್. ನನಗೆ ಚಳಿ ಇತ್ತು."

ಎಲ್ಕಿನ್ ಈಗ ನನ್ನ ಮಂಚದ ಪಕ್ಕ ತೊಟ್ಟಿಲಲ್ಲಿ ಮಲಗುತ್ತಾನೆ. ಅತ್ತಿಗೆ ಅವನನ್ನು ಕೇಳುವುದೇ ಇಲ್ಲ. ಪಟ್ಟಿ ಕಟ್ಟಿಕೊಂಡು, ಗೋಡೆಗೆ ಒರಗಿ, ಅದರ ಕೆಳಗೊಂದು ಕೈ ಆನಿಸಿ ಕೂತಿರುತ್ತಾಳೆ. ಮೊನ್ನೆ ಅಮ್ಮ ಒಗೆಯಲು ಪಟ್ಟಿ ಕೇಳಿದಳು.

"ಮೆಲ್ಲಗೆ ಮಾತಾಡಿ ಅತ್ತೆ," ಎಂದಳು ಅತ್ತಿಗೆ. "ಮಗಳು ಈಗ ತಾನೇ ಮಲಗಿದಾಳೆ."

ನಿನ್ನೆ ತೂಕಕ್ಕೆ ಹೋದಾಗ ಗ್ರಿಸೆಲ್ಡಾ ಕಾಗದ, ಪೆನ್ನು ಹಿಡಿದು ಕೇಳಿದಳು, ತಾಯಿ ಹೇಗಿದ್ದಾಳೆ ಅಂತ.

ಎಲ್ಕಿನ್ ನನ್ನ ಬೆರಳು ಹಿಡಿದುಕೊಂಡಿದ್ದ.

"ಚೆನ್ನಾಗಿದ್ದಾಳೆ," ಎಂದೆ.