ನೂರಾ ಹದಿನಾಲ್ಕು ಗಂಟು

"ಕೂಗೇ ಮುಂಡೆ! ದಿನಾ ಸಂಜೆ ಗುಡ್ಡ ಕಿತ್ತೋಗೋ ಹಂಗೆ ಅರಚ್ತಿದ್ದೆಯಲ್ಲ, ಇವತ್ತೇನು ಗಂಟ್ಲಲ್ಲಿ ಗೆಣಸು ಸಿಗಾಕ್ಕೊಂಡೈತಾ?"

ಮುಖ್ಯಸ್ಥನ ಆಳು ಒಕ್ಸಿಲ್ ಬೆತ್ತದ ತುದಿಯಿಂದ ಇಲೋಮೆನ್‌ಳ ಗದ್ದ ಎತ್ತಿದ. ಅವಳು ಹೊಸ್ತಿಲ ಮೇಲೆ ಕುಳಿತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ಗದ್ದ ಮೇಲಿದ್ದರೂ ಕೈ ನಿಲ್ಲಲಿಲ್ಲ. ಸಿಪ್ಪೆ ಕಾಲ ಬಳಿ ಬೀಳುತ್ತಿತ್ತು.

ಅದು ಹಂದಿಜ್ವರಕ್ಕೆ ಹೆದರಿ ಸರ್ಕಾರ ಹೈಟಿಯ ಹಂದಿಗಳನ್ನೆಲ್ಲ ಕೊಲ್ಲಿಸಿದ ವರ್ಷ. ನಮ್ಮ ಗುಡ್ಡದ ಇಪ್ಪತ್ತಮೂರು ಮನೆಗಳಲ್ಲಿ ಅರವತ್ತೊಂದು ಹಂದಿಗಳಿವೆ ಎಂದು ಪಟ್ಟಣದ ಅಧಿಕಾರಿಯ ಪುಸ್ತಕದಲ್ಲಿ ಬರೆದಿತ್ತು. ಬುಧವಾರ ಮೂವತ್ತನಾಲ್ಕು, ಗುರುವಾರ ಮಧ್ಯಾಹ್ನದೊಳಗೆ ಇಪ್ಪತ್ತಾರು ಮುಗಿದವು. ಗುಂಡಿಯನ್ನು ನಾವೇ ತೋಡಿದ್ದೆವು. ಸುಣ್ಣದ ಚೀಲಗಳನ್ನು ಹೊಳೆಯ ಹತ್ತಿರ ನಿಂತ ಜೀಪಿನಿಂದ ನಾವೇ ಹೊತ್ತು ತಂದಿದ್ದೆವು. ರೋಗ ಬಯಲುಸೀಮೆಯಲ್ಲಿತ್ತು. ನಮ್ಮ ಗುಡ್ಡದಲ್ಲಿ ಒಂದು ಹಂದಿಯೂ ಕೆಮ್ಮಿರಲಿಲ್ಲ.

"ನಮ್ಮವು ಚೆನ್ನಾಗವೆ ಅಲ್ವಾ ಸಾಹೇಬ್ರೇ?" ಎಂದು ಇಲೋಮೆನ್‌ಳ ನೆರೆಯವಳು ಜೆಜಿಲಾ ಕೇಳಿದ್ದಳು.

"ಚೆನ್ನಾಗಿದ್ರೂ ಹಂದಿನೇ ಅಲ್ವೇನಮ್ಮ" ಎಂದಿದ್ದ ಅಧಿಕಾರಿ.

ಈಗ ಉಳಿದದ್ದು ಒಂದು. ಇಲೋಮೆನ್ ಪಾಲಿಗೆ ಸಾಕುತ್ತಿದ್ದ ಗಬ್ಬದ ಹಂದಿ. ಅದರ ಮಾಲೀಕ ನಮ್ಮ ಭಾಗದ ಮುಖ್ಯಸ್ಥ ಮೆರಿಲುಸ್. ಅವನು ಅಂಗಳದ ನಡುವೆ, ಇಲೋಮೆನ್‌ಳ ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಹೊರಗೆ ತರಿಸಿ ಕುಳಿತಿದ್ದ. ಸೊಂಟದಲ್ಲಿ ಪಿಸ್ತೂಲು, ತೊಡೆಯ ಮೇಲೆ ಹ್ಯಾಟು.

ಮೆರಿಲುಸ್‌ಗೆ ಸ್ವಂತ ಕೊಟ್ಟಿಗೆಯಲ್ಲಿ ಹನ್ನೊಂದು ಹಂದಿಗಳಿದ್ದವು. ಭಾನುವಾರ ಪಾದ್ರಿ ಪೂಜೆಯಾದ ಮೇಲೆ ಸರ್ಕಾರದ ಆದೇಶ ಓದಿದರು, ಹಂದಿ ಬಚ್ಚಿಡುವುದು ಪಾಪ ಎಂದರು. ಅದರ ಹಿಂದಿನ ದಿನ, ಶನಿವಾರ, ಆ ಹನ್ನೊಂದೂ ಕರಾವಳಿಯ ಕಸಾಯಿಗೆ ಹೋಗಿದ್ದವು. ಕಾಲು ಕಟ್ಟಿ, ಬೊಂಬಿಗೆ ತೂಗುಹಾಕಿ ಹೊಳೆ ದಾಟಿಸಿ ಟ್ರಕ್ಕಿಗೆ ಹಾಕಿದವರು ನಾವು. ಒಬ್ಬೊಬ್ಬರಿಗೆ ಒಂದು ಲೋಟ ಸಾರಾಯಿ ಸಿಕ್ಕಿತ್ತು. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು ಈ ಪಾಲಿನ ಹಂದಿ ಒಂದೇ.

ಪಾಲಿನ ಕ್ರಮ ಎಲ್ಲರಿಗೂ ಗೊತ್ತು. ಹೆಣ್ಣು ಮರಿಯನ್ನು ಮಾಲೀಕ ಕೊಡುತ್ತಾನೆ, ಮೇವು ಮೈಗೆಲಸ ಸಾಕುವವರದು. ಮೊದಲ ಸಲ ಹಾಕಿದ ಮರಿಗಳು ಮಾಲೀಕನಿಗೆ, ಎರಡನೆಯ ಸಲದವು ಸಾಕಿದವರಿಗೆ. ಮೊದಲ ಸಲ ಏಳು ಮರಿ ಹುಟ್ಟಿ ಎರಡು ಸತ್ತವು. ಆ ಎರಡು ಸತ್ತದ್ದರಿಂದ ತನ್ನ ಸೂಲು ಪೂರ್ತಿಯಾಗಿಲ್ಲ ಎಂದು ಮೆರಿಲುಸ್ ಎರಡನೆಯ ಸಲದ ಆರನ್ನೂ ಹೊಡೆದುಕೊಂಡು ಹೋದ. ಕೇಳಲು ಅವನ ಅಂಗಳಕ್ಕೆ ಹೋದ ಇಲೋಮೆನ್ ಮುಂದಿನ ಎರಡು ಹಲ್ಲು ಕಳೆದುಕೊಂಡು ಬಂದಳು. ಅದೂ ಒಕ್ಸಿಲ್‌ನ ಇದೇ ಬೆತ್ತ.

ಅದಾದ ಮಾರನೆಯ ದಿನ ಅವಳು ಹಂದಿಗೆ ಹೆಸರಿಟ್ಟಳು. ಎದುರು ನಿಂತು ಆಡಲಾಗದ ಮಾತನ್ನು ಸಾಕಿದ ಪ್ರಾಣಿಗೆ ಹೆಸರಾಗಿ ಇಡುವುದು ನಮ್ಮಲ್ಲಿ ರೂಢಿ. ಜೆಜಿಲಾಳ ನಾಯಿಯ ಹೆಸರು 'ನಿಮ್ಮನೇದೇನ್ ತಿಂದೆ'. ಅದನ್ನು ಅವಳ ಮೇಲಿನ ಮನೆಯವರು ಕೇಳಬೇಕು, ಕೇಳುತ್ತಾರೆ. ಇಲೋಮೆನ್ ತನ್ನ ಹಂದಿಯನ್ನು 'ದೇವ್ರಿಗ್ಗೊತ್ತು' ಎಂದು ಕರೆದಳು. ಎರಡು ವರ್ಷ ಪ್ರತಿ ಸಂಜೆ ಒಣ ಸೋರೆಬುರುಡೆಯ ಬಟ್ಟಲನ್ನು ಅಂಗೈಯಿಂದ ಮೂರು ಸಲ ತಟ್ಟಿ, "ದೇವ್ರಿಗ್ಗೊತ್ತೂ..." ಎಂದು ಕೂಗುತ್ತಿದ್ದಳು. ಹಲ್ಲಿಲ್ಲದ ಸಂದಿನಿಂದ ಆ ಕೂಗಿನ ಜೊತೆ ಒಂದು ಸಿಳ್ಳೆ ಹೊರಡುತ್ತಿತ್ತು. ಕೆಳಗೆ ಮೆರಿಲುಸ್‌ನ ಜಗಲಿಯವರೆಗೆ ಅದು ಕೇಳುತ್ತಿತ್ತು. ಹಂದಿ ಎಲ್ಲಿದ್ದರೂ ಓಡಿ ಬರುತ್ತಿತ್ತು.

ಅವಳ ಗಂಡ ಗಡಿಯಾಚೆ ಕಬ್ಬು ಕಡಿಯಲು ಹೋಗಿ ಹದಿನಾರು ವರ್ಷವಾಗಿತ್ತು. ಆ ಮನೆಯಿಂದ ನಮಗೆ ಕೇಳುತ್ತಿದ್ದ ಮಾತು ಆ ಕೂಗೊಂದೇ.

ಭಾನುವಾರ ಚರ್ಚಿನಿಂದ ಬಂದವಳೇ ಅವಳು ಹಂದಿಯ ಹಗ್ಗ ಬಿಚ್ಚಿದಳು. ಮೂರನೆಯ ಸೂಲು. ಯಾವ ಲೆಕ್ಕ ಹಿಡಿದರೂ ಈ ಸಲದ ಮರಿಗಳು ಅವಳವು. ಅದರಲ್ಲಿ ಒಂದು ಹೆಣ್ಣು ಉಳಿದರೆ ಇನ್ನು ಯಾರ ಪಾಲಿಗೂ ಸಾಕಬೇಕಾಗಿಲ್ಲ. ಗಂಡುಹಂದಿ ಹತ್ತಿಸಿದ ದಿನದಿಂದ ಅವಳು ಬಾಳೆನಾರಿನಲ್ಲಿ ದಿನಕ್ಕೊಂದು ಗಂಟು ಹಾಕುತ್ತ ಬಂದಿದ್ದಳು. ಹಂದಿಗೆ ಮೂರು ತಿಂಗಳು, ಮೂರು ವಾರ, ಮೂರು ದಿನ. ನೂರಾ ಹದಿನಾಲ್ಕು ಗಂಟು. ಗುರುವಾರ ಬೆಳಗ್ಗೆ ಹಾಕಿದ್ದು ನೂರಾ ನಾಲ್ಕನೆಯದು.

ಬಿಟ್ಟ ಹಂದಿ ಮೊದಲ ಎರಡು ಸಂಜೆ ತಾನಾಗಿ ಮನೆಗೆ ಬಂತು. ಅವಳು ಕಲ್ಲು ಹೊಡೆದಳು. ಎರಡನೆಯ ಸಂಜೆ ಒಂದು ಕಲ್ಲು ಕಿವಿಗೆ ತಗುಲಿ ರಕ್ತ ಬಂತು. ಮೂರನೆಯ ದಿನದಿಂದ ಅದು ಅಂಗಳದ ಅಂಚಿನ ಕೊರಕಲಿನ ಆಚೆಗೇ ನಿಂತಿತು.

"ಕೊಮೆ, ಕೂಗಿಬಿಡು."

ಜೆಜಿಲಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಳು. ಜೆಜಿಲಾಳ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು ಇಲೋಮೆನ್. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮೆ.

"ಅರವತ್ತೊಂದೂ ಮುಗಿಯೋವರ್ಗೂ ಯಾರ್ಗೂ ಪರಿಹಾರದ್ ಚೀಟಿ ಇಲ್ಲ ಅಂತವ್ರೆ. ಸ್ಕೂಲು ಶುರುವಾಗಕ್ಕೆ ಇನ್ನು ಮೂರು ವಾರ. ನಿನ್ ಮಗಳೇ ಅಲ್ವಾ ಅವ್ಳೂ? ಯೂನಿಫಾರಮ್ಮಿಗೆ ಏನ್ ಮಾರ್ಲಿ? ಮಾರೋದನ್ನ ಹೂತ್ ಬಂದೆ."

ಇಲೋಮೆನ್ ಗೆಣಸನ್ನು ಬುಟ್ಟಿಗೆ ಹಾಕಿ ಇನ್ನೊಂದು ತೆಗೆದುಕೊಂಡಳು.

"ನಿನ್ ಹಂದೀನ ನೀನೇ ಹಗ್ಗ ಹಿಡಿದು ಕರ್ಕೊಂಡ್ ಹೋದೆ. ನಾನ್ ನಿನ್ನ ಏನಾದ್ರೂ ಅಂದ್ನಾ ಕೊಮೆ?"

"ಇಲ್ಲ."

"ಹಂಗಾದ್ರೆ ಸುಮ್ಕಿರು."

"ಬಿಳೀ ಹಂದಿ ತಂದ್ಕೊಡ್ತಾರಂತೆ ಕಣೇ, ಸಮುದ್ರದಾಚೆಯಿಂದ" ಎಂದು ಬೇಲಿಯ ಹತ್ತಿರ ಯಾರೋ ಅಂದರು.

"ತರ್ತಾರೆ. ಅದಕ್ಕೆ ಸಿಮೆಂಟ್ ನೆಲ ಬೇಕಂತೆ, ತಗಡಿನ ಮಾಡು ಬೇಕಂತೆ. ನಲ್ಲಿ ನೀರೇ ಕುಡಿಯೋದಂತೆ."

"ಹಂಗಾದ್ರೆ ಅದರ ಮನೇಲಿ ನಾವ್ ಇರ್ತೀವಿ, ಅದನ್ನ ನಮ್ಮನೇಲಿ ಕಟ್ಟಾಕನ."

ಒಂದಿಬ್ಬರು ನಕ್ಕರು. ಮೆರಿಲುಸ್ ತಿರುಗಿ ನೋಡಿದ. ನಗು ನಿಂತಿತು.

ಅಧಿಕಾರಿ ಗಡಿಯಾರ ನೋಡಿಕೊಂಡ. "ಬೇರೆಯವರು ಕೂಗಿದ್ರೆ ಬರಲ್ವೇನ್ರೀ? ಹಂದಿಗೆ ಯಾರ ದನಿ ಆದ್ರೇನು?"

"ಲೋ ಒಕ್ಸಿಲ್, ನೀನ್ ಕೂಗೋ" ಎಂದ ಮೆರಿಲುಸ್.

ಒಕ್ಸಿಲ್ ಒಳಗೆ ನುಗ್ಗಿ ಸೋರೆಬುರುಡೆಯ ಬಟ್ಟಲು ತಂದ. ಕೊರಕಲಿನ ಅಂಚಿಗೆ ಹೋಗಿ ಮೂರು ಸಲ ತಟ್ಟಿದ. ನಮ್ಮತ್ತ ಒಮ್ಮೆ ನೋಡಿದ. ಆಮೇಲೆ ಕೂಗಿದ.

"ದೇವ್ರಿಗ್ಗೊತ್ತೂ!"

ಎಲ್ಲ ಹಲ್ಲೂ ಇದ್ದ, ತುಂಬಿದ ದನಿ. ಸಿಳ್ಳೆ ಇರಲಿಲ್ಲ.

"ಅದೇನ್ರೀ ಹೆಸರು?" ಎಂದ ಅಧಿಕಾರಿ.

"ಹೆಸರಲ್ಲ ಸ್ವಾಮಿ, ಈ ಬೋಸುಡಿಯ ಕೊಬ್ಬು" ಎಂದ ಮೆರಿಲುಸ್. "ಇನ್ನೊಂದ್ಸಲ ಕೂಗೋ."

"ದೇವ್ರಿಗ್ಗೊತ್ತೂ! ದೇವ್ರಿಗ್ಗೊತ್ತೂ!"

ಕೊರಕಲಿನ ಆಚೆ, ದೀವಿಹಲಸಿನ ಮರದ ಕೆಳಗೆ, ಕಪ್ಪಗೆ ಏನೋ ಅಲ್ಲಾಡಿತು. ಹಂದಿ ಹೊರಬಂತು. ಹೊಟ್ಟೆ ನೆಲಕ್ಕೆ ಒಂದು ಗೇಣಿತ್ತು. ಬುರುಡೆಯ ಸದ್ದು ಅದಕ್ಕೆ ಗೊತ್ತು, ಹೊತ್ತೂ ಗೊತ್ತು. ದನಿ ಮಾತ್ರ ಗೊತ್ತಿರಲಿಲ್ಲ. ಹರಿದ ಕಿವಿ ಎತ್ತಿ ನಿಂತಿತು, ಹೆಜ್ಜೆ ಮುಂದಿಡಲಿಲ್ಲ.

ಮೆರಿಲುಸ್‌ನ ಆಳುಗಳಲ್ಲಿ ದೊಣ್ಣೆ ಹಿಡಿದ ಇಬ್ಬರು ಇಳಿಯಲು ಹೊರಟರು.

"ಇಳೀಬೇಡ್ರೋ" ಎಂದ ಮೆರಿಲುಸ್. "ನೀವು ಮುಳ್ಳಲ್ಲಿ ಇಳಿದು ಹತ್ತೋ ಹೊತ್ಗೆ ಅದು ಬೆಟ್ಟ ದಾಟಿರತ್ತೆ. ಪಿಸ್ತೂಲಿಗೂ ಎಟುಕಲ್ಲ. ತಾನಾಗೇ ಬರ್ಬೇಕು."

ಅವನು ಕುರ್ಚಿಯಿಂದ ಎದ್ದ. ಒಕ್ಸಿಲ್‌ನ ಕೈಯಿಂದ ಬಟ್ಟಲು ತೆಗೆದುಕೊಂಡು ತಾನೇ ಇಲೋಮೆನ್‌ಳ ಮಡಿಲಿಗೆ ಇಟ್ಟ. ದನಿ ತಗ್ಗಿಸಿದ.

"ನೋಡು ಇಲೋಮೆನ್. ಒಂದೇ ಒಂದ್ಸಲ. ಬಿಳೀ ಹಂದಿ ಬಂದಾಗ ಮೊದಲ್ನೇದು ನಿಂಗೇ. ಪಾಲಿಗಲ್ಲ, ನಿಂಗೇ. ಇಷ್ಟು ಜನರ ಮುಂದೆ ಹೇಳ್ತಿದೀನಿ."

ಅವಳು ಮೊದಲ ಸಲ ತಲೆಯೆತ್ತಿದಳು.

"ಇದರ ಮರಿ?"

"ಯಾವ ಮರಿ?"

"ಹೊಟ್ಟೇಲಿರೋವು. ಅವು ಯಾರ್ವು?"

ಮೆರಿಲುಸ್ ಅಧಿಕಾರಿಯತ್ತ ನೋಡಿದ. ಅಧಿಕಾರಿ ಪುಸ್ತಕ ಮುಚ್ಚುತ್ತ ಹೇಳಿದ: "ಹೊಟ್ಟೇಲಿರೋದು ಪಟ್ಟೀಲಿ ಬರಲ್ಲಮ್ಮ. ಹಂದಿ ಅಂದ್ರೆ ಒಂದೇ. ಅದರ ಚೀಟಿ ಮಾಲೀಕರಿಗೆ."

ಇಲೋಮೆನ್ ಬಟ್ಟಲು ಹಿಡಿದು ಎದ್ದಳು. ಅಂಗಳ ದಾಟಿ ಕೊರಕಲಿನ ಅಂಚಿಗೆ ಹೋದಳು. ನಾವು ದಾರಿ ಬಿಟ್ಟೆವು. ಆಚೆ ಹಂದಿ ಅವಳನ್ನು ಕಂಡಿತು. ಬಾಲ ಆಡಿತು. ಎರಡು ಹೆಜ್ಜೆ ಇಳಿಜಾರಿಗೆ ಇಳಿಯಿತು. ದೊಣ್ಣೆಯವರು ಬೇಲಿಯ ಮರೆಗೆ ಸರಿದರು. ಜೆಜಿಲಾ ಕಣ್ಣು ಮುಚ್ಚಿಕೊಂಡಳು.

ಇಲೋಮೆನ್ ಬಟ್ಟಲನ್ನು ತಲೆಯ ಮೇಲಕ್ಕೆತ್ತಿ ಕಾಲಬುಡದ ಬಂಡೆಗೆ ಅಪ್ಪಳಿಸಿದಳು. ಅದು ಹಲವು ಚೂರಾಯಿತು. ಆ ಸದ್ದಿಗೆ ಹಂದಿ ಬೆದರಿ, ತಿರುಗಿ, ಮುಳ್ಳುಗಂಟಿಯೊಳಗೆ ಹೋಯಿತು. ಸ್ವಲ್ಪ ಹೊತ್ತು ಗಿಡಗಳು ಅಲ್ಲಾಡಿದವು, ಆಮೇಲೆ ಅದೂ ಇಲ್ಲ.

"ನಿಮ್ಮವ್ವನ್!" ಎಂದ ಒಕ್ಸಿಲ್.

ಬೆತ್ತದ ಎರಡು ಏಟು ಬಲಗೈಗೆ ಬಿದ್ದವು. ಮೂರನೆಯದನ್ನು ಅಧಿಕಾರಿ ತಡೆದ. ಕತ್ತಲಾಗುವ ಮೊದಲು ಅವನು ಜೀಪು ತಲುಪಬೇಕಿತ್ತು. ಹೋಗುವಾಗ ಮೆರಿಲುಸ್ ನಮ್ಮನ್ನೆಲ್ಲ ಒಮ್ಮೆ ನೋಡಿ, "ಚೀಟಿ ಬೇಕಾದೋರು ಈವಮ್ಮನ್ನ ಕೇಳ್ಕೊಳ್ಳಿ" ಎಂದ.

ಒಕ್ಸಿಲ್ ಕಾವಲಿಗೆ ಉಳಿದ. ಅವಳ ಸೂರಿನ ಕೆಳಗೆ ಮಲಗಿದ, ಅವಳ ಮರದ ಬೆಣ್ಣೆಹಣ್ಣು ತಿಂದ, ಅವಳು ಎಲ್ಲಿಗೆ ಹೋದರೂ ಹಿಂದೆಯೇ ಹೋದ. ಅವಳು ನೀರಿಗೆ, ಅಂಗಡಿಗೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ನಮ್ಮಲ್ಲಿ ಯಾರೂ ಅವಳ ಮನೆಗೆ ಹೋಗಲಿಲ್ಲ. ಬೆಳಗ್ಗೆ ಮೊದಲು ಒಲೆ ಹಚ್ಚಿದವರು ಪಕ್ಕದ ಮನೆಗೆ ಕೆಂಡ ಕೊಡುತ್ತಾರೆ. ಹನ್ನೆರಡು ವರ್ಷದಿಂದ ಜೆಜಿಲಾ ಅವಳಿಗೆ ತೆಂಗಿನ ಚಿಪ್ಪಿನಲ್ಲಿ ಕೆಂಡ ಒಯ್ಯುತ್ತಿದ್ದಳು. ಶುಕ್ರವಾರ ಒಯ್ಯಲಿಲ್ಲ. ಶನಿವಾರವೂ ಇಲ್ಲ. ಇಲೋಮೆನ್ ಬೆಂಕಿಪೊಟ್ಟಣ ಕೊಂಡಳು. ಹೊಳೆಯಲ್ಲಿ ಎದುರಾದರೆ ನಾವು ಬಿಂದಿಗೆಯ ಬಾಯಿ ನೋಡುತ್ತಿದ್ದೆವು. ಒಬ್ಬಳು ಮಾತ್ರ, ಇಬ್ಬರು ಗಂಡು ಮಕ್ಕಳ ತಾಯಿ, ಅವಳ ಬೆನ್ನ ಹಿಂದೆ ಉಗುಳಿದಳು. ಅದನ್ನು ಯಾರೂ ಬೇಡ ಅನ್ನಲಿಲ್ಲ.

ಅವಳು ದಿನಾ ಗೆಣಸು ಸುಲಿದಳು. ಸಿಪ್ಪೆ ತಿನ್ನುವವರಿಲ್ಲದೆ ಮೂಲೆಯಲ್ಲಿ ಬಿದ್ದು ಕೊಳೆಯಿತು. ಹತ್ತು ದಿನದಲ್ಲಿ ಅದು ಮೊಣಕಾಲೆತ್ತರವಾಯಿತು. ಸಂಜೆ ಆ ಹೊತ್ತಾದಾಗ ಅವಳು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೊರಕಲಿನ ಆಚೆ ಹಂದಿ ಬಂದು ನಿಲ್ಲುತ್ತಿತ್ತೋ ಇಲ್ಲವೋ, ನಮಗೂ ತಿಳಿಯಲಿಲ್ಲ. ನಾವು ಆ ಕಡೆ ನೋಡುವುದನ್ನು ಬಿಟ್ಟಿದ್ದೆವು.

ಹತ್ತನೆಯ ದಿನ ಮುಂಜಾನೆಯಿಂದ ಮಳೆ. ಅವಳು ಹೊಸ್ತಿಲ ಮೇಲೆ ಕುಳಿತು ಬಾಳೆನಾರನ್ನು ತೊಡೆಯ ಮೇಲೆ ಹರಡಿದಳು. ಬಲಗೈ ಇನ್ನೂ ಊದಿಕೊಂಡಿತ್ತು. ಎಡಗೈ ಮತ್ತು ಪಕ್ಕದ ಹಲ್ಲು ಸೇರಿಸಿ ಗಂಟು ಹಾಕಿದಳು. ನೂರಾ ಹದಿನಾಲ್ಕು. ಹಂದಿ ನೋವು ತಿಂದು ಮಗ್ಗಲು ಬದಲಿಸುವಾಗ ಮರಿ ಮೈಯಡಿಗೆ ಸಿಕ್ಕಿ ಸಾಯುತ್ತದೆ. ಯಾರಾದರೂ ಪಕ್ಕದಲ್ಲಿದ್ದು ಕೈ ಅಡ್ಡ ಇಡಬೇಕು. ಹಿಂದಿನ ಎರಡು ಸಲವೂ ಅವಳ ಬಲಗೈ ಅಲ್ಲಿತ್ತು.

ಸೂರಿನ ತುದಿಯಲ್ಲಿ ಒಕ್ಸಿಲ್ ಬೆತ್ತ ತಬ್ಬಿಕೊಂಡು ನಡುಗುತ್ತಿದ್ದ.

"ಇವತ್ತಾದ್ರೂ ಕೂಗ್ತೀಯೇನೇ ಮುದುಕಿ? ನಂಗೂ ಮನೆ ಮಠ ಐತೆ."

ಅವಳು ಕೊರಕಲಿನತ್ತ ನೋಡಿದಳು. ಮಳೆಗೆ ಆಚೆಯ ದಡ ಕಾಣುತ್ತಿರಲಿಲ್ಲ. ನೋಡುತ್ತಲೇ ಬಾಯಿ ತೆರೆದಳು.

ಒಕ್ಸಿಲ್ ಎದ್ದು ನಿಂತ.

ಇಲೋಮೆನ್ ಪಕ್ಕದಲ್ಲಿದ್ದ ತಟ್ಟೆಯಿಂದ ಬೆಂದ ಗೆಣಸಿನ ಒಂದು ತುಂಡು ತೆಗೆದು ಆ ಬಾಯಿಗೆ ಹಾಕಿಕೊಂಡಳು. ಮುಂದಿನ ಹಲ್ಲುಗಳಿಲ್ಲದ ಕಾರಣ ದವಡೆಗೆ ಸರಿಸಿ, ನಿಧಾನವಾಗಿ ಅಗಿಯತೊಡಗಿದಳು.