ಎಲ್ಲಿ ನಿಂತು ತೆಗೆದದ್ದು

ಅಣ್ಣನ ಉಣ್ಣೆ ಟೋಪಿಯ ಮೇಲೆ ಒಂದು ಎಲೆ ಬಿದ್ದಿದೆ, ಅವನಿಗೆ ಗೊತ್ತಿಲ್ಲ, ಹಳದಿ ಎಲೆ, ಬರೀ ಹಳದಿಯೂ ಅಲ್ಲ, ನಲವತ್ತು ವರ್ಷ ಸಿಗರೇಟು ಸೇದಿದವನ ಮುಂದಿನ ಹಲ್ಲಿನ ಬಣ್ಣ, ಅಂಚಿಗೆ ಹೋದ ಹಾಗೆ ಕಂದು — ಕಾಡಿಗೆ ಬಂದರೂ ಈ ಹಲ್ಲುಗಳು ನನ್ನನ್ನು ಬಿಡಲೊಲ್ಲವು, ಇಪ್ಪತ್ತೆರಡು ವರ್ಷದಿಂದ ಅಂಕಾರಾದ ಒಂದು ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಕಟ್ಟುಹಲ್ಲು ಮಾಡುವವಳು ನಾನು, ನಾನು ಮಾಡಿದ ಹಲ್ಲಿನ ಬಣ್ಣ ಪಕ್ಕದ ಹಲ್ಲಿಗಿಂತ ಕೂದಲೆಳೆಯಷ್ಟು ಬೇರೆಯಾದರೂ ನನಗೆ ಸಮಾಧಾನವಿಲ್ಲ, ಅಗೋ ಆ ಓಕ್ ಮರ ಚಹಾ ಕುಡಿದು ಕುಡಿದು ಕರೆಗಟ್ಟಿದ ದವಡೆಹಲ್ಲು, ಅದರ ಹಿಂದಿನ ಮೇಪಲ್ ಒಸಡಿನ ಕೆಂಪು, ಅಲ್ಲ, ಅದಕ್ಕಿಂತ ಬಿಸಿಯಾದ ಕೆಂಪು, ಅದಕ್ಕೆ ನನ್ನ ಬಣ್ಣದ ಡಬ್ಬಿಯಲ್ಲಿ ಹೆಸರಿಲ್ಲ. ಅಕ್ಟೋಬರ್ ಕೊನೆಯ ಗಣರಾಜ್ಯ ದಿನದ ಒಂದು ರಜೆ, ಅದಕ್ಕೆ ಅಂಟಿಸಿಕೊಂಡದ್ದು ಇನ್ನೊಂದು, ಎರಡೇ ದಿನ, ಎಲೆ ನೋಡೋಕೆ ರಜಾನಾ ಪೆರಿಹಾನ್, ನಮ್ಮ ಬೀದೀಲೂ ಉದುರ್ತಾವಲ್ಲ, ಗುಡಿಸಿ ಗುಡಿಸಿ ಸಾಕಾಗಿದೆ ಅಂದರು ಲ್ಯಾಬಿನ ಯಜಮಾನರು, ನೋಡೋಕಲ್ಲ ಸರ್, ಫೋಟೋ ತೆಗೆಯೋಕೆ ಅಂದೆ, ತೆಗೆಯಿರಿ ತೆಗೆಯಿರಿ ಎಂದು ನಕ್ಕರು, ನಗಲಿ. ಮುಂದೆ ಅಣ್ಣ, ಅವನ ಹಿಂದೆ ಅವನ ಹತ್ತಿರ ಫೋಟೋ ಕಲಿಯುವ ಹನ್ನೊಂದು ಜನ ಶಿಷ್ಯರು, ಎಲ್ಲರಿಗಿಂತ ಹಿಂದೆ ನಾನು, ಬೆಳಕು ಇನ್ನೂ ಮರಗಳ ನೆತ್ತಿಯಲ್ಲೇ ಇದೆ, ಕಾಲಡಿ ಒದ್ದೆ ಎಲೆ ಸದ್ದಿಲ್ಲದೆ ಕುಸಿಯುತ್ತದೆ, ಬೆಳಿಗ್ಗೆ ವ್ಯಾನಿನಲ್ಲಿ ಎಲ್ಲರೂ ಎಳ್ಳು ಹಚ್ಚಿದ ಸಿಮಿತ್ ರೊಟ್ಟಿ ಮುರಿದು ತಿನ್ನುತ್ತಿದ್ದಾಗ ಅಣ್ಣ ನನ್ನನ್ನು ತೋರಿಸಿ, ಇವಳು ನನ್ನ ತಂಗಿ, ಹಲ್ಲು ಮಾಡ್ತಾಳೆ, ಈ ವಯಸ್ಸಲ್ಲಿ ಫೋಟೋ ಹುಚ್ಚು ಹತ್ತಿದೆ ಅಂದ, ಆಮೇಲೆ, ಏ ಪೆರಿ, ಅದು ಕ್ಯಾಮೆರಾ ಕಣೇ, ಸೌಟಲ್ಲ, ಹಾಗ್ಯಾಕೆ ಹಿಡಿದಿದ್ದೀಯ, ಎಲ್ಲರೂ ನಕ್ಕರು, ಎಳ್ಳು ಉದುರಿತು, ನಾನೂ ನಕ್ಕೆ, ಮಧ್ಯಾಹ್ನ ಯಾರು ನಗುತ್ತಾರೆ ನೋಡೋಣ ಎಂದುಕೊಂಡೆ, ಗಟ್ಟಿಯಾಗಿ ಹೇಳಲಿಲ್ಲ, ಅಷ್ಟೇ.

ಆ ಚಿತ್ರ ನಂದು. ಬೋಲು ಊರಿನ ಬಸ್ ನಿಲ್ದಾಣದಲ್ಲಿ ಗೋಡೆಯುದ್ದ ಹಾಕಿದ್ದಾರೆ, ಹೋಟೆಲುಗಳಲ್ಲಿ ಹಾಕಿದ್ದಾರೆ, ಎಷ್ಟೋ ವರ್ಷ ಕ್ಯಾಲೆಂಡರಿನ ಅಕ್ಟೋಬರ್ ಪುಟವಾಗಿತ್ತು, ಕೆರೆಯ ಮೇಲೆ ಬಾಗಿದ ಮೇಪಲ್ ಮರ, ನೀರಿನಲ್ಲಿ ಅದರ ಬಿಂಬ, ಮರ ಬಿಂಬ ಎರಡೂ ಕೂಡಿ ಒಂದು ದೊಡ್ಡ ಕೆಂಪು ಬಳೆ, ಬಳೆಯ ನಡುವೆ ಮಂಜು, ಕೆಳಗೆ ಬಲಗಡೆ ವೆದಾತ್ ಎಂದು ನನ್ನ ಅಣ್ಣನ ಸಹಿ. ಇಪ್ಪತ್ತೇಳು ವರ್ಷದ ಹಿಂದೆ, ಇದೇ ರಜೆ, ಅಪ್ಪನ ಸ್ಟುಡಿಯೋದ ಕ್ಯಾಮೆರಾ, ನನಗೆ ಹತ್ತೊಂಬತ್ತು, ಅಣ್ಣ ಕಾರಿನಲ್ಲಿ ಕಂಬಳಿ ಹೊದ್ದು ಮಲಗಿದ್ದ, ಚಳಿ ಕಣೇ, ನೀನೇ ಹೋಗಿ ಬಾ, ಅಪ್ಪಂಗೆ ಇಬ್ರೂ ಹೋಗಿದ್ವಿ ಅಂತ ಹೇಳೋಣ — ಅದನ್ನೇ ಹೇಳಿದೆವು, ಆಮೇಲೆ ಫಿಲ್ಮ್ ತೊಳೆದಾಗ ಅಪ್ಪ ಒದ್ದೆ ಕಾಗದವನ್ನು ಹಗ್ಗಕ್ಕೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು, ಯಾರು ಒತ್ತಿದ್ದು, ನಾನು, ಎಲ್ಲಿ ನಿಂತಿದ್ದೆ, ನೀರಲ್ಲಿ, ಎಷ್ಟು ನೀರಿಗಿಳಿದಿದ್ದೆ, ಸೊಂಟದ ತನಕ, ಅಪ್ಪ ಬಾಗಿಲ ಕಡೆ ನೋಡಿದರು ಯಾರಾದರೂ ಕೇಳಿಸಿಕೊಂಡರೇನೋ ಅನ್ನುವ ಹಾಗೆ, ಹರೆಯದ ಹುಡುಗಿ ಕಾಡಲ್ಲಿ ಒಬ್ಬಳೇ ಸೊಂಟದ ತನಕ ನೆಂದ್ಕೊಂಡು ನಿಂತಿದ್ಲು ಅಂತ ಊರಿಗೆಲ್ಲ ಹೇಳ್ಕೊಂಡು ಬರ್ಲಾ, ನಮ್ಮ ಹುಡುಗ ತೆಗೆದದ್ದು ಅಂದ್ರಾಯ್ತು, ಮನೆ ಚಿತ್ರ ಮನೇಲೇ ಇರುತ್ತಲ್ಲ ಮಗಳೇ. ಇತ್ತು. ಮನೆಯಲ್ಲೇ ಇತ್ತು. ಅಪ್ಪ ಇರುವವರೆಗೆ ನಾನು ಬಾಯಿ ತೆರೆಯಲಿಲ್ಲ, ಹೋದ ಮೇಲೂ ತೆರೆಯಲಿಲ್ಲ, ಈ ಬೇಸಿಗೆಯಲ್ಲಿ ಲ್ಯಾಬಿನ ಸೆವಿಮ್ ತನ್ನ ಫೋನಿನಲ್ಲಿ ಅದನ್ನೇ ತೋರಿಸಿ, ನೋಡೇ ಎಂಥಾ ಚಿತ್ರ, ಅಂದಾಗ ತಾನಾಗಿ ಬಾಯಿಂದ ಬಂತು, ಇದು ನಾನು ತೆಗೆದದ್ದು, ಅವಳು ನನ್ನ ಭುಜಕ್ಕೆ ಹೊಡೆದು, ಹೂಂ ಕಣೇ, ಅಂಕಾರಾ ಕೋಟೆ ಕಟ್ಟಿಸಿದ್ದು ನಾನು, ಅಂದಳು, ಅವಳು ಕೆಟ್ಟವಳಲ್ಲ, ನನ್ನ ಅತ್ಯಂತ ಒಳ್ಳೆಯ ಗೆಳತಿ, ಅವಳಿಗೇ ನಂಬಿಕೆ ಬರಲಿಲ್ಲ ಎಂದರೆ ಇನ್ಯಾರಿಗೆ ಬಂದೀತು, ಅಂದೇ ಸಂಜೆ ಹೋಗಿ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡೆ, ಅಣ್ಣನಿಗೆ ಫೋನ್ ಮಾಡಿ ನಿನ್ನ ಶರತ್ಕಾಲದ ತಂಡಕ್ಕೆ ನನ್ನ ಹೆಸರೂ ಬರೆದುಕೋ ಅಂದೆ.

ಕೆರೆ. ಎಷ್ಟು ಚಿಕ್ಕದಿದು, ಅಥವಾ ನಾನು ಅಂದು ಅಷ್ಟು ಚಿಕ್ಕವಳಿದ್ದೆ, ನೀರು ಕಾಣುವುದೇ ಇಲ್ಲ ಈ ದಡದಲ್ಲಿ, ಎಲೆಗಳೇ ಹಾಸಿಕೊಂಡಿವೆ, ಆಚೆಗೆ ಮಾತ್ರ ಕಪ್ಪು ಕನ್ನಡಿ, ಮೇಪಲ್ ಇದೆ, ಇದೆ, ಇನ್ನಷ್ಟು ಬಾಗಿದೆ, ನೀರಿಗೆ ಕಿವಿಗೊಟ್ಟ ಹಾಗೆ, ಎಲ್ಲರೂ ಟ್ರೈಪಾಡುಗಳ ಕಾಲು ಎಳೆಯುತ್ತಿದ್ದಾರೆ, ಟಕ್ ಟಕ್, ಸೂರ್ಯ ಬರುವ ಮೊದಲು ಜಾಗ ಹಿಡಿಯಬೇಕು, ಬ್ಯಾಂಕಿನಿಂದ ನಿವೃತ್ತರಾದ ನಿಲ್ಗುನ್ ಮೇಡಂ ಮೊಣಕಾಲೂರಿ ನೋಡಿದರು, ಎದ್ದು ನೋಡಿದರು, ಹತ್ತು ಹೆಜ್ಜೆ ಸರಿದು ನೋಡಿದರು, ಮೇಷ್ಟ್ರೇ, ನಿಮ್ಮ ಬಳೆ ಇಲ್ಲಿಂದ ಕೂಡೋದೇ ಇಲ್ವಲ್ಲ, ಬಿಂಬ ಅರ್ಧಕ್ಕೇ ಮುರಿಯುತ್ತೆ, ಹೋದ ವರ್ಷವೂ ಹಿಂಗೇ ಆಯ್ತು, ಎಲ್ಲಿ ನಿಂತು ತೆಗೆದ್ರಿ ನೀವು. ಇಲ್ಲೇ ಮೇಡಂ ಇಲ್ಲೇ, ಅಣ್ಣ ಕೈಬೀಸಿ ದಡವನ್ನೆಲ್ಲ ತೋರಿಸಿದ, ಅಪ್ಪನ ಆ ಹಳೇ ಲೆನ್ಸಿನ ಗುಣ ಅದು, ಈಗ ಅಂಥದ್ದು ಬರೋದಿಲ್ಲ, ಮತ್ತೆ ನೀರಲ್ಲಿ ಒಂದೆರಡು ಹೆಜ್ಜೆ ಇಳಿದಿದ್ದೆ ಅನ್ಸುತ್ತೆ, ಅಯ್ಯೋ ಆ ಚಳಿ, ಹೇಳ್ತೀನಿ ಕೇಳಿ — ಹೇಳಿದ. ಒಂದು ಬೂಟು ಕೆಸರಲ್ಲಿ ಹೋಗಿಯೇ ಬಿಟ್ಟದ್ದು ಹೇಳಿದ, ಕ್ಯಾಮೆರಾ ಒದ್ದೆಯಾಗದಿರಲೆಂದು ತಲೆಯ ಮೇಲೆ ಹೊತ್ತದ್ದು, ಬಾತುಕೋಳಿಯೊಂದು ಹತ್ತಿರ ಬಂದು ದಿಟ್ಟಿಸಿದ್ದು, ಬೆರಳು ಸೆಟೆದು ಗುಂಡಿ ಒತ್ತಲಾಗದೆ ಗಲ್ಲದಿಂದ ಒತ್ತಿದ್ದು. ನನ್ನ ಗಲ್ಲ. ನನ್ನ ಬಾತುಕೋಳಿ. ಆವತ್ತು ಕಾರಿನಲ್ಲಿ ನಡುಗುತ್ತ ನಾನೇ ಅವನಿಗೆ ಹೇಳಿದ್ದು ಇದೆಲ್ಲ, ಅವನು ತನ್ನ ಕಂಬಳಿ ನನಗೆ ಹೊದಿಸಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತ ಕೇಳುತ್ತಿದ್ದ, ಆಮೇಲೆ, ಆಮೇಲೇನಾಯ್ತೇ ಎಂದು, ಈಗ ಅವನ ಮುಖ ನೋಡುತ್ತೇನೆ, ಸುಳ್ಳು ಹೇಳುವ ಮುಖವಲ್ಲ ಅದು, ಅವನ ಮೈಯಲ್ಲಿ ನಿಜವಾಗಿ ಚಳಿ ಏಳುತ್ತಿದೆ, ಗಲ್ಲ ಮುಟ್ಟಿಕೊಳ್ಳುತ್ತಿದ್ದಾನೆ, ದೇವರೇ, ಇವನಿಗೆ ಇದು ನೆನಪಾಗಿಬಿಟ್ಟಿದೆ, ಇವನ ಹತ್ತಿರ ಜಗಳ ಆಡಿ ಏನು ಬಂತು, ಮಾತಿಗೆ ಮಾತು ಅಂದರೆ ಅವನೇ ಗೆಲ್ಲುತ್ತಾನೆ, ಚಿತ್ರವನ್ನು ಬೇಕಾದರೆ ತೆಗೆದುಕೊಂಡು ಹೋಗಲಿ, ಆ ಚಳಿಯನ್ನೂ ಕೊಟ್ಟುಬಿಡಲೇ, ಇಲ್ಲ, ಅದು ಇಲ್ಲ, ಬೂಟಿನ ದಾರ ಗಂಟಾಗಿದೆ, ಬಿಚ್ಚು, ಉಗುರು ಹಾಕಿ ಬಿಚ್ಚು.

ಏನ್ ಮಾಡ್ತಿದ್ದೀಯೇ ಪೆರಿ ಅನ್ನುತ್ತಾನೆ ಅಣ್ಣ, ಬೂಟು ಎರಡೂ ದಡದಲ್ಲಿ ಬಿಟ್ಟೆ, ಮೊದಲ ಹೆಜ್ಜೆಗೆ ಎಲೆಗಳು ಅಂಟಿಕೊಂಡವು, ಎರಡನೆಯದಕ್ಕೆ ನೀರು ಮೊಣಕಾಲು ಕಚ್ಚಿತು, ಮೇಲಿನ ದಾರಿಯಿಂದ ಕಾಡಿನ ಕಾವಲಿನವನು ಕೂಗುತ್ತಿದ್ದಾನೆ, ಅಕ್ಕಾ, ಏ ಅಕ್ಕಾ, ನೀರಿಗಿಳಿಯೋ ಹಾಗಿಲ್ಲ ಇಲ್ಲಿ, ಬೋರ್ಡ್ ಕಾಣ್ಸಲ್ವಾ, ಕಾಣಿಸುತ್ತದಪ್ಪ, ದಂಡ ಹಾಕು, ಬಂದ ಮೇಲೆ ಹಾಕು, ಕ್ಯಾಮೆರಾ ತಲೆಯ ಮೇಲೆ, ತೊಡೆ, ಸೊಂಟ, ಉಸಿರು ಹೊರಗೂ ಹೋಗುತ್ತಿಲ್ಲ ಒಳಗೂ ಬರುತ್ತಿಲ್ಲ, ಮೇಪಲ್ಲಿನ ಎಡಗವಲು ಆಚೆ ಬಂಡೆಯ ನೇರಕ್ಕೆ ಬರಬೇಕು, ಅಲ್ಲಿ ಒಂದು ದಿಮ್ಮಿ, ಯಾವ ಕಾಲದ್ದೋ ಏನೋ, ಬಿದ್ದು ಮುಳುಗಿದ ಮರದ ದಿಮ್ಮಿ, ಅದನ್ನು ಹತ್ತಿ ನಿಂತೇ ನಾನು ಬಳೆ ಕಂಡದ್ದು, ದಡದಲ್ಲಿ ನಿಂತವರಿಗೆ ಅದು ಕಾಣುವಂಥದ್ದಲ್ಲ, ಕಾಲಿಗೆ ಮಾತ್ರ ಗೊತ್ತಿರುವಂಥದ್ದು, ಕವಲು ಬಂಡೆಯ ನೇರಕ್ಕೆ ಬಂತು, ಕಾಲು ಚಾಚಿದೆ, ಕೆಸರು. ಇನ್ನೊಂದು ಹೆಜ್ಜೆ, ಕೆಸರು. ಇಪ್ಪತ್ತೇಳು ವರ್ಷ ಪೆರಿಹಾನ್, ಕಬ್ಬಿಣವೇ ತುಕ್ಕು ಹಿಡಿದು ಹೋಗುತ್ತದೆ, ಮರ ಕೊಳೆಯದೇ ಇದ್ದೀತೇ, ಎದೆಯ ತನಕ ನೀರು, ಹಿಂದೆ ದಡದಲ್ಲಿ ಹನ್ನೊಂದು ಜನ ನೋಡುತ್ತಿದ್ದಾರೆ, ಈಗ ತಿರುಗಿದರೆ ಜೀವಮಾನವಿಡೀ ಹಲ್ಲು ಮಾಡುತ್ತ ಅವರ ಮಾತು ಕೇಳುತ್ತಿರಬೇಕು, ಹುಚ್ಚು ತಂಗಿ, ಪಾಪ ಮೇಷ್ಟ್ರು, ತಿರುಗುವುದಿಲ್ಲ, ಎಡಕ್ಕೆ, ಮರ ಇನ್ನಷ್ಟು ಬಾಗಿದೆಯಲ್ಲ, ಕವಲೂ ಸರಿದಿರಬೇಕು, ಹಾಗಾದರೆ ನಾನೂ ಸರಿಯಬೇಕು, ಎಡಕ್ಕೆ, ಇನ್ನೂ ಎಡಕ್ಕೆ — ಹೆಬ್ಬೆರಳು ತಾಗಿತು. ಜಾರುತ್ತದೆ, ಗಟ್ಟಿಯಾಗಿದೆ, ಲೋಳೆಯ ಕೆಳಗೆ ಕಲ್ಲಿನಷ್ಟು ಗಟ್ಟಿ, ಮೊಣಕಾಲು ಊರಿದೆ, ಏರಿದೆ, ಎದ್ದು ನಿಂತೆ, ನೀರು ಈಗ ಮೀನಖಂಡದವರೆಗೆ ಮಾತ್ರ, ದಡದಿಂದ ಯಾರೋ ಅಯ್ಯಪ್ಪಾ ನೀರ ಮೇಲೇ ನಿಂತ್ಲಲ್ರೀ ಅಂದರು, ನಾನು ಕ್ಯಾಮೆರಾ ಕಣ್ಣಿಗೆ ತಂದೆ, ಸೂರ್ಯ ಬಂದ, ಮರ, ಬಿಂಬ, ಮರ, ಬಿಂಬ, ಅಲೆ ನಿಲ್ಲುವವರೆಗೆ ಉಸಿರು ಹಿಡಿದೆ, ಕೂಡಿತು. ಬಳೆ. ಒಂದು ಸಲ ಒತ್ತಿದೆ, ಬೆರಳಿನಿಂದಲೇ, ಎರಡನೆಯ ಸಲ ಒತ್ತಬೇಕೆನಿಸಲಿಲ್ಲ.

ನಿಲ್ಗುನ್ ಮೇಡಂ ಕೂಗಿದರು, ಮೇಷ್ಟ್ರೇ, ಅದೇ ಜಾಗ, ಅವ್ರು ನಿಂತಿರೋದೇ ಆ ಜಾಗ, ಇಷ್ಟು ವರ್ಷ ಯಾಕ್ರೀ ಹೇಳಲಿಲ್ಲ ನೀವು — ಆಮೇಲೆ ಅವರ ದನಿ ತಾನಾಗಿ ಇಳಿಯಿತು, ಒಬ್ಬೊಬ್ಬರಾಗಿ ಎಲ್ಲರೂ ಅಣ್ಣನ ಕಡೆ ತಿರುಗಿದರು, ನಾನು ದಿಮ್ಮಿಯ ಮೇಲೆ ಮೆಲ್ಲಗೆ ತಿರುಗಿದೆ, ಕ್ಯಾಮೆರಾ ಕಣ್ಣಿಗಿಟ್ಟುಕೊಂಡೇ ತಿರುಗಿದೆ, ಟ್ರೈಪಾಡುಗಳು, ಮುಖಗಳು, ಅಣ್ಣ. ಅಣ್ಣ ಎಲೆಗಳ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾನೆ, ಐವತ್ಮೂರರ ಆಳು, ಬಗ್ಗಲು ಹೊಟ್ಟೆ ಅಡ್ಡ, ಬರುತ್ತಾನೆ, ನನ್ನನ್ನು ಎಳೆದುಕೊಂಡು ಹೋಗಲು ಬರುತ್ತಾನೆ ಎಂದುಕೊಂಡೆ, ಬರಲಿ ಎಂದು ಕಾಲು ಗಟ್ಟಿಯಾಗಿ ಊರಿದೆ, ಅವನು ಎದ್ದು ನಿಂತ, ಕೈಯಲ್ಲಿ ಒಂದು ಕಾಲುಚೀಲ, ಇನ್ನೊಂದು ಕಾಲಿನ ಬೂಟು ಹಾಗೇ ಇದೆ, ಬರಿಗಾಲನ್ನು ನೀರಿನ ಮೇಲೆ ಹಿಡಿದ, ಹಿಂದಕ್ಕೆಳೆದ, ಮತ್ತೊಂದು ಕಡೆ ಹಿಡಿದ, ಹಿಂದಕ್ಕೆಳೆದ, ತಲೆಯೆತ್ತಿ ನನ್ನನ್ನು ನೋಡಿದ, ಹನ್ನೊಂದು ಜನ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಗೊತ್ತಿದ್ದೇ ಕೇಳಿದ, ಎಲ್ಲಿ ಕಾಲಿಡ್ಲಿ ಪೆರಿ. ನನಗೆ ಸರಿಯಾಗಿಯೇ ಕೇಳಿಸಿತು. ಎಲ್ಲಿ ಕಾಲಿಡ್ಲಿ. ಹೇಳಬೇಕು, ಎಡಗವಲಿನ ನೇರಕ್ಕೆ ಬಾ, ಆಮೇಲೆ ಎಡಕ್ಕೆ, ಹೇಳುತ್ತೇನೆ, ಒಂದು ಕ್ಷಣ ಇರು, ಈಗ ಗಲ್ಲ ನಡುಗುತ್ತಿದೆ, ಚೌಕಟ್ಟಿನೊಳಗೆ ಬರಿಗಾಲು, ಎಲೆಗಳ ಮೇಲೆತ್ತಿದ್ದು, ಬೆಳ್ಳಗೆ, ಹೆಬ್ಬೆರಳು ಸೆಟೆದು, ನೀರಿಗೆ ಇನ್ನೂ ತಾಗದ ಬರಿಗಾಲು, ಇಡಲೊಲ್ಲದು, ಹಿಂದಕ್ಕೂ ಹೋಗಲೊಲ್ಲದು, ಅಣ್ಣನ ಬರಿಗಾಲು —